ಮನೆಯ ಸಿಮ್ಯುಲೇಟರ್‌ನಲ್ಲಿ ಡಕೋಟಾ ನಡೆಸುವ ಬಗೆ

ಕಂಪ್ಯೂಟರ್‌ನಲ್ಲಿ ವಿಮಾನ ನಡೆಸುವ ಆಟವಾದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ, 2022ರ ನವೆಂಬರ್‌ನಲ್ಲಿ ಬಂದ ನಲವತ್ತನೇ ವಾರ್ಷಿಕೋತ್ಸವದ ಆವೃತ್ತಿಯಲ್ಲಿ ಡಗ್ಲಾಸ್ ಡಿಸಿ-3 ವಿಮಾನವೂ ಇದೆ. ನಮ್ಮಲ್ಲಿ ಡಕೋಟಾ ಎಂದು ಹೆಸರಾದದ್ದು ಇದೇ. ಹಲವರು ಕಂಟ್ರೋಲ್ ಮತ್ತು ಇ ಕೀಗಳನ್ನು ಒಟ್ಟಿಗೆ ಒತ್ತಿ, ಎಂಜಿನ್‌ಗಳು ತಾವಾಗಿಯೇ ಚಾಲೂ ಆದ ಮೇಲೆ ಥ್ರಾಟಲ್ ಪೂರ್ತಿ ತಳ್ಳಿ ಹಾರಿಬಿಡುತ್ತಾರೆ. ನಾನು ಹಾಸನದಲ್ಲಿ ಡೀಸೆಲ್ ಎಂಜಿನ್ ಪಾಠ ಹೇಳುವ ಮೇಷ್ಟ್ರು. ಎಂಜಿನ್ ಮುಂದೆ ನಿಂತು ಮೀಟರ್ ನೋಡದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಡಕೋಟಾದಲ್ಲಿ ಕಲಿಯುವುದಕ್ಕೆ ಇರುವುದೆಲ್ಲ ಆ ಮೀಟರ್‌ಗಳಲ್ಲೇ ಇದೆ.

ಮೊದಲು ಸಹಾಯದ ಆಯ್ಕೆಗಳನ್ನು ಆಫ್ ಮಾಡಿಬಿಡಿ: ತಾನಾಗಿ ಹೊಂದಿಕೊಳ್ಳುವ ಮಿಕ್ಸ್ಚರ್ (ಗಾಳಿಗೆ ಇಂಧನ ಬೆರೆಸುವ ಪ್ರಮಾಣ), ತಾನಾಗಿ ತಿರುಗುವ ರಡ್ಡರ್ (ಬಾಲದ ಚುಕ್ಕಾಣಿ) ಯಾವುದೂ ಬೇಡ. ಥ್ರಾಟಲ್, ಪ್ರೊಪೆಲ್ಲರ್, ಮಿಕ್ಸ್ಚರ್ ಮೂರಕ್ಕೂ ಬೇರೆ ಬೇರೆ ಲಿವರ್ ಇರುವ ಸಾಧನ ಸಿಕ್ಕರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಜಾಯ್‌ಸ್ಟಿಕ್‌ನ ಸ್ಲೈಡರ್ ಅನ್ನು ಥ್ರಾಟಲ್‌ಗೆ ಕೊಟ್ಟು, ಉಳಿದ ಎರಡನ್ನು ಮೌಸ್‌ನಿಂದ ಸರಿಸಿ. ರಡ್ಡರ್‌ಗೆ ಪೆಡಲ್ ಅಥವಾ ತಿರುಚುವ ಜಾಯ್‌ಸ್ಟಿಕ್ ಬೇಕೇ ಬೇಕು. ಬಾಲದಲ್ಲಿ ಚಕ್ರವಿರುವ ವಿಮಾನವನ್ನು ಕೀಬೋರ್ಡ್‌ನಿಂದ ರನ್‌ವೇ ಮೇಲೆ ನೇರವಾಗಿ ಓಡಿಸಲು ಆಗುವುದಿಲ್ಲ.

ಅಭ್ಯಾಸಕ್ಕೆ ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ಹೋಗುವ ದಾರಿಯನ್ನೇ ನಾನು ಎಲ್ಲರಿಗೂ ಹೇಳುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಿಮಾನಗಳು ದುರಸ್ತಿಗೆ ಬರುತ್ತಿದ್ದದ್ದು ಎಚ್‌ಎಎಲ್ ಕಾರ್ಖಾನೆಗೆ, ಅವುಗಳಲ್ಲಿ ಡಕೋಟಾಗಳೂ ಇದ್ದವು. 1951ರ ಡಿಸೆಂಬರ್ 25ರಂದು ಬಜ್ಪೆ ನಿಲ್ದಾಣದ ಉದ್ಘಾಟನೆಗೆ ಜವಾಹರಲಾಲ್ ನೆಹರೂ ಬಂದಿಳಿದದ್ದೂ ಡಿಸಿ-3ರಲ್ಲೇ. ದಾರಿ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ, ಸುಮಾರು 160 ನಾಟಿಕಲ್ ಮೈಲಿ.

ಎಂಜಿನ್ ಚಾಲೂ ಮಾಡುವ ಮುಂಚೆ ಮ್ಯಾನಿಫೋಲ್ಡ್ ಪ್ರೆಷರ್ ಮೀಟರನ್ನು, ಅಂದರೆ ಸಿಲಿಂಡರ್‌ಗಳಿಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮೀಟರನ್ನು ಒಮ್ಮೆ ನೋಡಿ. ಎಂಜಿನ್ ನಿಂತಿರುವಾಗ ಅದು ಸುತ್ತಲಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ಎಚ್‌ಎಎಲ್ ನಿಲ್ದಾಣ ಸಮುದ್ರಮಟ್ಟದಿಂದ 2,900 ಅಡಿ ಎತ್ತರದಲ್ಲಿರುವುದರಿಂದ ಮುಳ್ಳು ಪಾದರಸದ 27 ಇಂಚಿನ ಆಸುಪಾಸಿನಲ್ಲಿ ನಿಂತಿರುತ್ತದೆ; ಬಜ್ಪೆಯಲ್ಲಿ ನೋಡಿದರೆ 29 ದಾಟಿರುತ್ತದೆ. ಈ 27 ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪ್ರತಿ ರೆಕ್ಕೆಯಲ್ಲೂ ಪ್ರಾಟ್ ಆ್ಯಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಜಿನ್. 14 ಸಿಲಿಂಡರ್‌ಗಳು ಎರಡು ಸುತ್ತಿನಲ್ಲಿ ಜೋಡಣೆಯಾಗಿವೆ, ಶಕ್ತಿ 1,200 ಅಶ್ವಶಕ್ತಿ. ನಿಂತ ಎಂಜಿನ್‌ನಲ್ಲಿ ಎಣ್ಣೆ ಇಳಿದು ಕೆಳಗಿನ ಸಿಲಿಂಡರ್‌ಗಳಲ್ಲಿ ಸೇರಿಕೊಳ್ಳುತ್ತದೆ. ಎಣ್ಣೆಯನ್ನು ಗಾಳಿಯಂತೆ ಅದುಮಲು ಆಗುವುದಿಲ್ಲ, ಹಾಗೆಯೇ ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕೇ ನಿಜವಾದ ಡಕೋಟಾದ ಪ್ರೊಪೆಲ್ಲರನ್ನು ಮೊದಲು ಕೈಯಿಂದ ತಿರುಗಿಸುತ್ತಾರೆ. ಸಿಮ್ಯುಲೇಟರ್‌ನಲ್ಲಿ ಅದರ ಬದಲು ಮ್ಯಾಗ್ನೆಟೊ (ಕಿಡಿ ಹೊತ್ತಿಸುವ ಸಾಧನ) ಹಾಕದೆ ಸ್ಟಾರ್ಟರ್‌ನಿಂದ ಪ್ರೊಪೆಲ್ಲರ್‌ನ ಹತ್ತು ಹನ್ನೆರಡು ರೆಕ್ಕೆ ಸರಿದುಹೋಗುವಷ್ಟು ತಿರುಗಲು ಬಿಡಿ. ಕಾಕ್‌ಪಿಟ್ ಕಿಟಕಿಯಿಂದ ನೋಡಿ ಎಣಿಸಿ.

ಚಾಲೂ ಮಾಡುವ ಕ್ರಮ ಹೀಗಿರಲಿ. ಪಾರ್ಕಿಂಗ್ ಬ್ರೇಕ್ ಹಾಕಿ, ಬ್ಯಾಟರಿ ಹಾಕಿ, ಕೌಲ್ ಫ್ಲ್ಯಾಪ್ (ಎಂಜಿನ್ ತಣಿಸುವ ಗಾಳಿ ಹೊರಹೋಗುವ ಬಾಗಿಲುಗಳು) ತೆರೆಯಿರಿ. ಎಡ ಎಂಜಿನ್‌ಗೆ ಎಡ ಮುಖ್ಯ ಟ್ಯಾಂಕ್, ಬಲಕ್ಕೆ ಬಲ. ಪ್ರೊಪೆಲ್ಲರ್ ಲಿವರ್ ಪೂರ್ತಿ ಮುಂದೆ, ಥ್ರಾಟಲ್ ಅರ್ಧ ಇಂಚು ಮಾತ್ರ ತೆರೆದಿರಲಿ, ಮಿಕ್ಸ್ಚರ್ ಇಂಧನ ಕಡಿದುಹಾಕುವ ಐಡಲ್ ಕಟ್‌ಆಫ್‌ನಲ್ಲಿರಲಿ. ಇಂಧನ ಪಂಪ್‌ನಿಂದ ಒತ್ತಡ 15 ಪಿಎಸ್‌ಐ ಹತ್ತಿರ ಬರುವಂತೆ ಮಾಡಿ, ಚಾಲೂ ಆಗಲು ಸ್ವಲ್ಪ ಇಂಧನ ಚಿಮ್ಮಿಸುವ ಪ್ರೈಮರ್ ಒತ್ತಿ, ಸ್ಟಾರ್ಟರ್ ಹಿಡಿಯಿರಿ. ರೆಕ್ಕೆ ಎಣಿಸಿದ ಮೇಲೆ ಮ್ಯಾಗ್ನೆಟೊ ಸ್ವಿಚ್ಚನ್ನು ಎರಡೂ ಮ್ಯಾಗ್ನೆಟೊ ಕೆಲಸ ಮಾಡುವ ಸ್ಥಾನಕ್ಕೆ ತಿರುಗಿಸಿ. ಎಂಜಿನ್ ಕೆಮ್ಮಿ, ಹೊಗೆ ಉಗುಳಿ ಹಿಡಿದುಕೊಂಡಾಗ ಮಿಕ್ಸ್ಚರನ್ನು ಆಟೊ ರಿಚ್‌ಗೆ (ಇಂಧನ ಹೆಚ್ಚಿರುವ ಸ್ಥಾನ) ತನ್ನಿ. ಕಣ್ಣು ಆಗ ಎಣ್ಣೆಯ ಒತ್ತಡದ ಮೇಲೇ ಇರಬೇಕು. ಮೂವತ್ತು ಸೆಕೆಂಡಿನೊಳಗೆ ಮುಳ್ಳು ಏಳದಿದ್ದರೆ ಎಂಜಿನ್ ನಿಲ್ಲಿಸಿ.

ಈಗ ಕಾಯಬೇಕು. 1,000 ಆರ್‌ಪಿಎಂನಲ್ಲಿ ಬಿಟ್ಟು, ಎಣ್ಣೆಯ ಉಷ್ಣಾಂಶ 40 ಡಿಗ್ರಿಗೆ ಬರುವವರೆಗೆ ಥ್ರಾಟಲ್ ಮುಟ್ಟಬೇಡಿ. ನನ್ನ ಬಳಿ ಕಲಿಯಲು ಬರುವ ಹುಡುಗನೊಬ್ಬ ಇಲ್ಲಿ ಕೇಳಿದ್ದ: “ಸರ್, ಇದು ಕಂಪ್ಯೂಟರ್ ತಾನೇ, ಯಾಕೆ ಕಾಯಬೇಕು?” ಮಾದರಿ ಚೆನ್ನಾಗಿದ್ದರೆ ತಣ್ಣಗಿನ ಎಣ್ಣೆಯ ಒತ್ತಡ ಹೇಗೆ ವಿಪರೀತ ಮೇಲಿದ್ದು, ಬಿಸಿಯಾದಂತೆ ಇಳಿಯುತ್ತದೆ ಎಂಬುದನ್ನು ಅವನಿಗೆ ಅಲ್ಲೇ ತೋರಿಸಿದೆ. ತರಗತಿಯಲ್ಲಿ ಹಲಗೆಯ ಮೇಲೆ ಬರೆದಾಗ ಹಿಡಿಸದ ವಿಷಯ ಅವನಿಗೆ ಅಂದು ಹಿಡಿಸಿತು.

ಬಿಸಿಯಾದ ಮೇಲೆ ಆಗಿನ 27ನ್ನು ನೆನಪು ಮಾಡಿಕೊಳ್ಳಿ. ಥ್ರಾಟಲನ್ನು ಮ್ಯಾನಿಫೋಲ್ಡ್ ಪ್ರೆಷರ್ 27 ತೋರಿಸುವವರೆಗೆ ತಳ್ಳಿ, ಒಂದೊಂದೇ ಮ್ಯಾಗ್ನೆಟೊದಲ್ಲಿ ಓಡಿಸಿ ನೋಡಿ. ಆರ್‌ಪಿಎಂ 100ಕ್ಕಿಂತ ಹೆಚ್ಚು ಬಿದ್ದರೆ ಎಂಜಿನ್ ಸರಿಯಿಲ್ಲ.

ಟೇಕಾಫ್‌ಗೆ ರನ್‌ವೇಯಲ್ಲಿ ನೇರವಾಗಿ ನಿಂತು ಬಾಲದ ಚಕ್ರವನ್ನು ಲಾಕ್ ಮಾಡಿ, ಕೌಲ್ ಫ್ಲ್ಯಾಪ್‌ಗಳನ್ನು ಟ್ರೇಲ್ ಎಂಬ ನಡುವಿನ ಸ್ಥಾನಕ್ಕೆ ತನ್ನಿ. ಥ್ರಾಟಲ್ ನಿಧಾನವಾಗಿ 48 ಇಂಚಿಗೆ, 2,700 ಆರ್‌ಪಿಎಂ. ಎಂಜಿನ್‌ಗೆ ಗಾಳಿಯನ್ನು ಅದುಮಿ ತುಂಬುವ ಸೂಪರ್‌ಚಾರ್ಜರ್ ಇರುವುದರಿಂದ ಲಿವರ್ ಕೊನೆಯವರೆಗೆ ಹೋಗುವ ಮುಂಚೆಯೇ ಮುಳ್ಳು 48 ಮುಟ್ಟಬಹುದು. ಕೈ ಅಲ್ಲೇ ನಿಲ್ಲಬೇಕು. ಮೂಗು ಎಡಕ್ಕೆ ಎಳೆಯುತ್ತದೆ. ಬಲ ಪೆಡಲ್ ಒತ್ತಿ, ಮೊದಲ ಕ್ಷಣಗಳಲ್ಲಿ ಎಡ ಥ್ರಾಟಲ್ ಸ್ವಲ್ಪ ಮುಂದಿರಲಿ. ವೇಗ ಬಂದಂತೆ ಬಾಲ ಏಳುತ್ತದೆ, 80 ನಾಟ್ (ಗಂಟೆಗೆ 80 ನಾಟಿಕಲ್ ಮೈಲಿ) ದಾಟಿದ ಮೇಲೆ ಮೆಲ್ಲಗೆ ಎಳೆದರೆ ನೆಲ ಬಿಡುತ್ತದೆ.

ಚಕ್ರ ಎತ್ತುವ ಕೆಲಸ ಇಡೀ ವಿಮಾನದಲ್ಲಿ ನನಗೆ ಅತಿ ಪ್ರಿಯವಾದದ್ದು. ಇಲ್ಲಿ ಹಿಡಿಕೆಗಳು ಎರಡು. ಒಂದು ಸೀಟುಗಳ ನಡುವೆ ನೆಲದಲ್ಲಿರುವ ಲ್ಯಾಚ್. ಚಕ್ರ ಅಕಸ್ಮಾತ್ತಾಗಿ ಮಡಚಿಕೊಳ್ಳದಂತೆ ಹಿಡಿದಿರುವುದು ಅದು. ಇನ್ನೊಂದು ಸಹಪೈಲಟ್‌ನ ಸೀಟಿನ ಹಿಂದಿನ ಹೈಡ್ರಾಲಿಕ್ ಪ್ಯಾನೆಲ್‌ನಲ್ಲಿ ಇದೆ. ಮೊದಲು ಲ್ಯಾಚ್ ಎತ್ತಿ, ಆಮೇಲೆ ಹಿಡಿಕೆಯನ್ನು ಮೇಲಕ್ಕೆ ತನ್ನಿ, ಚಕ್ರ ಪೂರ್ತಿ ಏರಿದ ಮೇಲೆ ಹಿಡಿಕೆಯನ್ನು ನ್ಯೂಟ್ರಲ್‌ಗೆ ತನ್ನಿ. ಇಳಿಸುವಾಗ ಹಿಡಿಕೆ ಕೆಳಕ್ಕೆ. ಒತ್ತಡ ಕಟ್ಟಿಕೊಂಡ ಮೇಲೆ ಲ್ಯಾಚನ್ನು ನೆಲಕ್ಕೆ ಒತ್ತಿ ಭದ್ರಪಡಿಸಿ, ಕೊನೆಗೆ ನ್ಯೂಟ್ರಲ್. ನಿಮ್ಮ ಮಾದರಿಯಲ್ಲಿ ಲ್ಯಾಚ್ ಅಲುಗದಿದ್ದರೂ ಈ ಕ್ರಮವನ್ನು ಬಾಯಿಬಿಟ್ಟು ಹೇಳಿ. ಫ್ಲ್ಯಾಪ್, ಕೌಲ್ ಫ್ಲ್ಯಾಪ್, ಬ್ರೇಕ್ ಎಲ್ಲವೂ ಅದೇ ಹೈಡ್ರಾಲಿಕ್ ಎಣ್ಣೆಯ ಮೇಲೆ ನಡೆಯುತ್ತವೆ.

ಏರುವಾಗ ಮೊದಲು ಥ್ರಾಟಲ್ ತಗ್ಗಿಸಿ 36 ಇಂಚಿಗೆ ತನ್ನಿ, ಆಮೇಲೆ ಪ್ರೊಪೆಲ್ಲರ್ 2,350ಕ್ಕೆ. ಹೆಚ್ಚಿಸುವಾಗ ಇದರ ತಿರುವುಮುರುವು: ಮಿಕ್ಸ್ಚರ್, ಪ್ರೊಪೆಲ್ಲರ್, ಕೊನೆಗೆ ಥ್ರಾಟಲ್. ಆರ್‌ಪಿಎಂ ಕಡಿಮೆಯಿದ್ದು ಒತ್ತಡ ಹೆಚ್ಚಾದರೆ, ಎತ್ತಿನಹೊಳೆ ಏರಿನಲ್ಲಿ ಲಾರಿಯನ್ನು ಟಾಪ್ ಗೇರಿನಲ್ಲಿ ಎಳೆದಂತೆ ಎಂಜಿನ್ ಒದ್ದಾಡುತ್ತದೆ.

8,500 ಅಡಿಗೆ ಹೋಗಿ 2,050 ಆರ್‌ಪಿಎಂ, 28ರಿಂದ 30 ಇಂಚು, ಮಿಕ್ಸ್ಚರ್ ಆಟೊ ಲೀನ್ (ಇಂಧನ ಕಡಿಮೆ ಇರುವ ಸ್ಥಾನ). ಕೆಳಗೆ ಮಾಗಡಿ, ಚನ್ನರಾಯಪಟ್ಟಣ, ನಮ್ಮ ಹಾಸನ, ಸಕಲೇಶಪುರ ಒಂದರ ಹಿಂದೊಂದು ಬರುತ್ತವೆ. ಹಳೆಯ ಉಪಕರಣಗಳ ಪ್ಯಾನೆಲ್ ಇಟ್ಟುಕೊಂಡಿದ್ದರೆ ದಿಕ್ಕು ತೋರಿಸುವ ಜೈರೊ ತಾನಾಗಿ ಸರಿಯುತ್ತಾ ಹೋಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ, ವಿಮಾನ ನೇರವಾಗಿ ಸಮತಟ್ಟಾಗಿ ಹೋಗುತ್ತಿರುವಾಗ, ಅದನ್ನು ದಿಕ್ಸೂಚಿಗೆ ಸರಿಹೊಂದಿಸಿ.

ಹವಾಮಾನವನ್ನು ಜುಲೈ ತಿಂಗಳಿನದಕ್ಕೆ ಇಟ್ಟು ಘಟ್ಟದ ಮೋಡದೊಳಗೆ ಹೋದರೆ ಇನ್ನೊಂದು ಪಾಠ ಸಿಗುತ್ತದೆ. ನೀವು ಏನೂ ಮುಟ್ಟದೆ ಮ್ಯಾನಿಫೋಲ್ಡ್ ಪ್ರೆಷರ್ ಇಳಿಯತೊಡಗಿದರೆ ಕಾರ್ಬ್ಯುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟುತ್ತಿದೆ ಎಂದರ್ಥ. ಥ್ರಾಟಲ್ ಏರಿಸಿ ಅದನ್ನು ಮುಚ್ಚಿಹಾಕಬೇಡಿ, ಕಾರ್ಬ್ಯುರೇಟರ್ ಹೀಟ್ ಕೊಡಿ.

ಧರ್ಮಸ್ಥಳ ಬರುವ ಮುಂಚೆ, ಬಜ್ಪೆ ಇನ್ನೂ 35 ಮೈಲಿ ಇರುವಾಗ ನಿಮಿಷಕ್ಕೆ 500 ಅಡಿಯಂತೆ ಇಳಿಯಲು ಆರಂಭಿಸಿ. ಥ್ರಾಟಲ್ ಪೂರ್ತಿ ಎಳೆಯಬಾರದು. ನೂರು ಆರ್‌ಪಿಎಂಗೆ ಕನಿಷ್ಠ ಒಂದು ಇಂಚು ಎಂಬ ಲೆಕ್ಕ ಇಟ್ಟುಕೊಳ್ಳಿ. 2,050ಕ್ಕೆ 20.5 ಇಂಚಿಗಿಂತ ಕೆಳಗೆ ಬೇಡ. ಅದಕ್ಕಿಂತ ತಗ್ಗಿದರೆ ಗಾಳಿಯೇ ಪ್ರೊಪೆಲ್ಲರ್ ಮೂಲಕ ಎಂಜಿನ್ನನ್ನು ತಿರುಗಿಸತೊಡಗಿ ಬೇರಿಂಗ್‌ಗಳಿಗೆ ಉಲ್ಟಾ ಹೊರೆ ಬೀಳುತ್ತದೆ. ಕೌಲ್ ಫ್ಲ್ಯಾಪ್ ಮುಚ್ಚಿರಲಿ.

ವೇಗ ಸಾಕಷ್ಟು ತಗ್ಗಿದ ಮೇಲೆ ಚಕ್ರ ಮತ್ತು ಕಾಲುಭಾಗ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಇಳಿಪಟ್ಟಿ) ಇಳಿಸಿ; ಪೂರ್ತಿ ಫ್ಲ್ಯಾಪ್‌ಗೆ 97 ನಾಟ್‌ಗಿಂತ ಕಡಿಮೆ ಇರಬೇಕು. ರನ್‌ವೇ ಹತ್ತಿರ 85. ಗುಡ್ಡದ ತಲೆಯನ್ನು ಮಟ್ಟಮಾಡಿ ಕಟ್ಟಿದ ಬಜ್ಪೆಯಲ್ಲಿ ರನ್‌ವೇಯ ತುದಿಯಾಚೆ ಕಣಿವೆ ಇದೆ, ಆದ್ದರಿಂದ ವೇಗ ಹೆಚ್ಚಿದ್ದರೆ ಮುಲಾಜಿಲ್ಲದೆ ಮತ್ತೆ ಮೇಲೇರಿ ಸುತ್ತಿ ಬನ್ನಿ. ಮುಂದಿನ ಎರಡು ಚಕ್ರಗಳ ಮೇಲೆ ಇಳಿಸಿ, ತಾಗಿದ ಕೂಡಲೇ ಯೋಕನ್ನು (ಮೂಗು ಏರಿಸಿ ಇಳಿಸುವ ಹಿಡಿಚಕ್ರ) ಕೂದಲೆಳೆಯಷ್ಟು ಮುಂದೆ ಒತ್ತಿ ಹಿಡಿಯಿರಿ, ಬಾಲ ತಾನಾಗಿ ಕೂರಲಿ. ಬಾಲ ಕೂತ ಮೇಲೂ ಕಾಲು ಪೆಡಲ್ ಬಿಡಬಾರದು. ಡಕೋಟಾ ಗಿರಕಿ ಹೊಡೆಯುವುದು ಆಗಲೇ.

ನಿಲ್ಲಿಸುವಾಗ ಕೌಲ್ ಫ್ಲ್ಯಾಪ್ ಪೂರ್ತಿ ತೆರೆದು, ಸಿಲಿಂಡರ್‌ಗಳು ತಣಿಯುವವರೆಗೆ 1,000 ಆರ್‌ಪಿಎಂನಲ್ಲಿ ಬಿಟ್ಟು, ಮಿಕ್ಸ್ಚರನ್ನು ಐಡಲ್ ಕಟ್‌ಆಫ್‌ಗೆ ಎಳೆಯಿರಿ. ಪ್ರೊಪೆಲ್ಲರ್ ನಿಂತ ಮೇಲೆ ಮ್ಯಾಗ್ನೆಟೊ, ಆಮೇಲೆ ಬ್ಯಾಟರಿ. ವಾಪಸು ದಾರಿಯನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಳ್ಳಿ. ಕರಾವಳಿಯ ಸೆಕೆಯಲ್ಲಿ ಘಟ್ಟಕ್ಕೆ ಏರುವಾಗ ಸಿಲಿಂಡರ್ ಹೆಡ್ ಉಷ್ಣಾಂಶವನ್ನು 232 ಡಿಗ್ರಿಯೊಳಗೆ ಹಿಡಿದಿಡಲು ಕೌಲ್ ಫ್ಲ್ಯಾಪ್ ಜೊತೆ ನೀವು ಸಾಕಷ್ಟು ಗುದ್ದಾಡಬೇಕಾಗುತ್ತದೆ.