ಯುದ್ಧ ಮುಗಿದ ಮೇಲೆ ಅವರು ಎಲ್ಲಿಗೆ ಹೋದರು? ಯಹೂದಿ ನಿರಾಶ್ರಿತರ ಜಾಡು ಹುಡುಕುವುದು ಹೇಗೆ

ಎರಡನೇ ಮಹಾಯುದ್ಧದ ಹೊತ್ತಿಗೆ ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡದಿಂದ ಬದುಕುಳಿದ ಒಬ್ಬರ ಜಾಡು ಹುಡುಕಲು ಹೊರಟವರು ಮೊದಲು ಕೈಹಾಕುವುದು ಹುಟ್ಟೂರಿನ ದಾಖಲೆಗೆ. 1945ರ ನಂತರದ ಕಥೆ ಅಲ್ಲಿ ಸಿಗುವುದು ಕಡಿಮೆ. ಊರಿಗೆ ಮರಳಿದ ಎಷ್ಟೋ ಜನರಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. 1946ರ ಜುಲೈ 4ರಂದು ಪೋಲೆಂಡಿನ ಕಿಯೆಲ್ಸೆಯಲ್ಲಿ ಗುಂಪೊಂದು 42 ಯಹೂದಿಗಳನ್ನು ಕೊಂದ ಮೇಲಂತೂ ಸಾವಿರಾರು ಜನ ಗಡಿ ದಾಟಿ ಜರ್ಮನಿ, ಆಸ್ಟ್ರಿಯಾದ ನಿರಾಶ್ರಿತರ ಶಿಬಿರಗಳಿಗೆ ಬಂದರು. ಹೌದು, ಜರ್ಮನಿಗೇ. ಅಮೆರಿಕದ ಸೇನೆಯ ಕೈಲಿದ್ದ ಭಾಗವೇ ವಾಸಿ ಅನ್ನಿಸಿತ್ತು.

ಹಾಗಾಗಿ ಲ್ಯಾಂಡ್ಸ್‌ಬರ್ಗ್, ಫೆಲ್ಡಾಫಿಂಗ್, ಫೋರೆನ್‌ವಾಲ್ಡ್‌ನಂಥ ಜರ್ಮನಿಯ ನಿರಾಶ್ರಿತರ ಶಿಬಿರಗಳ ದಾಖಲೆಗಳಿಂದ ಶುರು ಮಾಡಿ. ನಾಜಿಗಳಿಗೆ ಬಲಿಯಾದವರ, ಬದುಕುಳಿದವರ ದಾಖಲೆಗಳನ್ನು ಕಾಪಾಡುವ ಜರ್ಮನಿಯ ಅರೋಲ್ಸೆನ್ ಆರ್ಕೈವ್ಸ್‌ನಲ್ಲಿ ಸುಮಾರು 1.75 ಕೋಟಿ ಜನರ ಮಾಹಿತಿ ಇದೆ. ಆನ್‌ಲೈನ್ ಹುಡುಕಾಟಕ್ಕೆ ದುಡ್ಡು ಕೊಡಬೇಕಿಲ್ಲ.

ಒಂದೇ ಸ್ಪೆಲ್ಲಿಂಗ್ ಹಾಕಿ ನೋಡಿ ಕೈಬಿಡಬೇಡಿ. ಒಬ್ಬನೇ ಮೋಶೆ ಒಂದು ಕಾಗದದಲ್ಲಿ ಮೋಸೆಸ್, ಇನ್ನೊಂದರಲ್ಲಿ ಮೊರಿಟ್ಸ್ ಆಗಿರಬಹುದು. ಊರಿನ ಹೆಸರಿನದ್ದೂ ಇದೇ ಪಾಡು: ಲೆಂಬರ್ಗ್, ಲ್ವೂಫ್, ಲ್ವಿವ್ ಮೂರೂ ಒಂದೇ. ನಾಜಿ ಶಿಬಿರದ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಗಾಬರಿ ಬೇಡ, ಪೋಲೆಂಡಿನ ಬಹಳಷ್ಟು ಯಹೂದಿಗಳು ಉಳಿದದ್ದೇ ಸೋವಿಯತ್ ಒಕ್ಕೂಟದ ಒಳನಾಡಿನಲ್ಲಿ.

ಎರಡು ಕಾಗದಗಳನ್ನು ಮಾತ್ರ ನಿಧಾನವಾಗಿ ಓದಿ. ಮೊದಲನೆಯದು ಡಿಪಿ-2 ಕಾರ್ಡ್, ಅಂದರೆ ನೆಲೆ ಕಳೆದುಕೊಂಡವರ (ಡಿಸ್‌ಪ್ಲೇಸ್ಡ್ ಪರ್ಸನ್, ಡಿಪಿ) ನೋಂದಣಿ ಕಾರ್ಡ್. ಅದರಲ್ಲಿ 'ಹೋಗಬಯಸುವ ಸ್ಥಳ' ಅಂತ ಒಂದು ಅಂಕಣ ಇದೆ. ಎರಡನೆಯದು ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆಯ ಸಿಎಂ/1 ಅರ್ಜಿ, ಅಂದರೆ ನೆರವು ಕೋರಿ ತುಂಬುತ್ತಿದ್ದ ನಮೂನೆ. ನನಗೆ ಇದೇ ಜಾಸ್ತಿ ಮುಖ್ಯ, ಏಕೆಂದರೆ ಎಲ್ಲೆಲ್ಲಿ ಇದ್ದಿರಿ, ನಿಮ್ಮ ದೇಶಕ್ಕೆ ಯಾಕೆ ಮರಳುವುದಿಲ್ಲ ಅಂತ ಇದರಲ್ಲಿ ಕೇಳುತ್ತಿದ್ದರು, ಉತ್ತರ ಒಂದೇ ಸಾಲಿನದಾದರೂ ಓದುವಾಗ ಕೈ ನಿಲ್ಲುತ್ತದೆ.

ಆದರೆ ಡಿಪಿ-2 ಕಾರ್ಡಿನ ಆ ಅಂಕಣದಲ್ಲಿ 'ಪ್ಯಾಲೆಸ್ತೀನ್' ಅಂತ ಇದ್ದರೆ ಅಲ್ಲಿಗೇ ಹೋದರು ಅಂದುಕೊಳ್ಳಬೇಡಿ. ಅದು ಆಗ ಬ್ರಿಟಿಷರ ಆಡಳಿತದಲ್ಲಿತ್ತು, ಯಹೂದಿಗಳಿಗೆ ತಿಂಗಳಿಗೆ 1,500 ವಲಸೆ ಪರವಾನಗಿ ಮಾತ್ರ. ಉಳಿದವರು ಕದ್ದುಮುಚ್ಚಿ ಹಡಗು ಹತ್ತಿದರು. 1946-47ರಲ್ಲಿ ಹೆಸರು ಸುಮ್ನೆ ಮಾಯವಾದರೆ ಇದನ್ನೇ ಅನುಮಾನಿಸಿ. ಸಿಕ್ಕಿಬಿದ್ದವರನ್ನು 1946ರ ಆಗಸ್ಟ್‌ನಿಂದ ಸೈಪ್ರಸ್‌ನಲ್ಲಿ ಕೂಡಿಹಾಕುತ್ತಿದ್ದರು, ಆದ್ದರಿಂದ ಅಲ್ಲಿಯ ಪಟ್ಟಿಗಳನ್ನೂ ನೋಡಿ. 1947ರ ಬೇಸಿಗೆಯಲ್ಲಿ ಮಾಯವಾಗಿ ಸೆಪ್ಟೆಂಬರ್‌ನಲ್ಲಿ ಮತ್ತೆ ಜರ್ಮನಿಯಲ್ಲೇ ಕಾಣಿಸಿದರೆ 'ಎಕ್ಸೋಡಸ್ 1947' ಹಡಗಿನವರಿರಬಹುದು. ಅದರಲ್ಲಿದ್ದ 4,500ಕ್ಕೂ ಹೆಚ್ಚು ಜನರನ್ನು ಬ್ರಿಟಿಷರು ಪ್ಯಾಲೆಸ್ತೀನಿನ ಹೈಫಾ ಬಂದರಿನಿಂದ ವಾಪಸ್ ಕಳಿಸಿ, ಕೊನೆಗೆ ಹ್ಯಾಂಬರ್ಗ್‌ನಲ್ಲಿ ಇಳಿಸಿದ್ದರು.

1948ರ ನಂತರದ್ದು ಸುಲಭ. ಆ ಮೇ ತಿಂಗಳಲ್ಲಿ ಇಸ್ರೇಲ್ ಹುಟ್ಟಿತು (ಆಗ ಅಲ್ಲಿ ನಡೆದ ಅರಬ್-ಇಸ್ರೇಲ್ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ನಿರಾಶ್ರಿತರಾದರು, ಅವರ ಜಾಡು ಬೇರೆ ದಾಖಲೆಗಳಲ್ಲಿದೆ). ಅಮೆರಿಕವೂ ಅದೇ ವರ್ಷ ನಿರಾಶ್ರಿತರಿಗಾಗಿ ಕಾಯ್ದೆ ಮಾಡಿತು, ಆದರೆ 1945ರ ಡಿಸೆಂಬರ್ 22ರೊಳಗೆ ಜರ್ಮನಿ, ಆಸ್ಟ್ರಿಯಾ ಅಥವಾ ಇಟಲಿಗೆ ಬಂದವರಿಗಷ್ಟೇ ಅನ್ನುವ ಷರತ್ತು ಹಾಕಿತು. ಕಿಯೆಲ್ಸೆ ಆದ ಮೇಲೆ ಬಂದವರೆಲ್ಲ ಹೊರಗೇ ಉಳಿದರು, ಅಲ್ವಾ? 1950ರಲ್ಲಿ ಆ ಷರತ್ತು ಸಡಿಲವಾಯಿತು. ಹಾಗಾಗಿ ಅಂಥವರ ಹೆಸರನ್ನು ನ್ಯೂಯಾರ್ಕ್‌ಗೆ ಬಂದ ಹಡಗುಗಳ ಪಟ್ಟಿಯಲ್ಲಿ 1950ರಿಂದ ಮುಂದಕ್ಕೆ ಹುಡುಕಿ.