ಎಪಾಕ್ಸಿ ಪಟ್ಟನೆ ಸೀಳದಿರಲು ರಬ್ಬರ್ ಹನಿ

ಗಟ್ಟಿಯಾದ ಎಪಾಕ್ಸಿ ರಾಳ ಎಳೆತಕ್ಕೆ ಸುಲಭವಾಗಿ ಜಗ್ಗದು. ಆದರೆ ಅಂಚಿನಲ್ಲೊಂದು ಗೀರಿದ್ದರೆ ಸಾಕು, ಬಿರುಕು ಗಾಜಿನಲ್ಲಿ ಓಡಿದಂತೆ ಓಡುತ್ತದೆ. ಅಡ್ಡಬಂಧಗಳ ಬಿಗಿಯಾದ ಬಲೆಯಲ್ಲಿ ಅಣುಸರಪಳಿಗಳಿಗೆ ಮಿಸುಕಾಡಲು ಜಾಗವೇ ಇರುವುದಿಲ್ಲ. ಬಿರುಕು ಮುಂದುವರಿಯಲು ಚದರ ಮೀಟರಿಗೆ ಸುಮಾರು 100ರಿಂದ 200 ಜೂಲ್ ಶಕ್ತಿ ಸಾಕು. ಸರಿಯಾಗಿ ರಬ್ಬರ್ ಸೇರಿಸಿದರೆ ಇದು ಹತ್ತು ಪಟ್ಟು ಏರಬಲ್ಲದು.

'ಸರಿಯಾಗಿ' ಎಂಬಲ್ಲೇ ಇರುವುದು ಕಷ್ಟ. ರಬ್ಬರ್ ರಾಳದಲ್ಲಿ ಕರಗಿಯೇ ಉಳಿದರೆ ಇಡೀ ರಾಳ ಮೆದುವಾಗಿ, ಶಾಖಕ್ಕೆ ಬೇಗ ಸೋಲುತ್ತದೆ. ಅದು ಒಂದೆರಡು ಮೈಕ್ರೋಮೀಟರಿನ ಹನಿಗಳಾಗಿ ಬೇರ್ಪಡಬೇಕು. ಬಿರುಕಿನ ತುದಿ ಹತ್ತಿರ ಬಂದಾಗ ಹನಿಯೊಳಗೆ ಪೊಳ್ಳು ಬಿಡುತ್ತದೆ, ಸುತ್ತಲಿನ ರಾಳ ಜಾರಿ ಹಿಗ್ಗುತ್ತದೆ. ಹೆಚ್ಚಿನ ಶಕ್ತಿಯನ್ನು ಹೀರುವುದು ಹಿಗ್ಗುವ ಆ ರಾಳವೇ ಹೊರತು ರಬ್ಬರಲ್ಲ. ಇದೊಂದು ಮನದಟ್ಟಾದರೆ ಮುಂದಿನ ಹಂತಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಮೊದಲು ರಬ್ಬರ್ ಆರಿಸಿ. ಟೈರಿನ ಪುಡಿ ಬೇಡ, ಅದರ ಕಣ ತೀರಾ ದಪ್ಪ. ಬೇಕಾದದ್ದು ಸಿಟಿಬಿಎನ್ ಎಂಬ ದ್ರವ ರಬ್ಬರ್. ಬ್ಯುಟಾಡೈಈನ್ ಮತ್ತು ಅಕ್ರಿಲೋನೈಟ್ರೈಲ್ ಸೇರಿದ ಇದರ ಸರಪಳಿಯ ಎರಡು ತುದಿಗಳಲ್ಲೂ ಎಪಾಕ್ಸಿಯೊಡನೆ ಬೆಸೆಯಬಲ್ಲ ಕಾರ್ಬಾಕ್ಸಿಲ್ ಎಂಬ ಆಮ್ಲದ ಗುಂಪು ಇರುತ್ತದೆ. ಅಕ್ರಿಲೋನೈಟ್ರೈಲ್ ಹೆಚ್ಚಿದಷ್ಟೂ ರಬ್ಬರ್ ಚೆನ್ನಾಗಿ ಬೆರೆಯುತ್ತದೆ, ಹನಿಯಾಗುವುದು ತಡವಾಗುತ್ತದೆ. ಶೇ 18ರ ಆಸುಪಾಸಿನದು ಆರಂಭಕ್ಕೆ ಒಳ್ಳೆಯದು.

100 ಗ್ರಾಂ ರಾಳಕ್ಕೆ 10 ಗ್ರಾಂ ರಬ್ಬರ್ ಹಾಕಿ, ಬೆಸುಗೆಯನ್ನು ಚುರುಕುಗೊಳಿಸಲು ಚಿಟಿಕೆಯಷ್ಟು ಟ್ರೈಫಿನೈಲ್‌ಫಾಸ್ಫೀನ್ ಸೇರಿಸಿ, ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಕಲಕಿ. ಇದರಿಂದ ರಬ್ಬರಿನ ತುದಿ ಎಪಾಕ್ಸಿಗೆ ಬೆಸೆಯುತ್ತದೆ; ಮುಂದೆ ಹನಿಯಾದಾಗ ಸುತ್ತಲಿನ ರಾಳವನ್ನು ಬಿಡದೆ ಹಿಡಿಯುತ್ತದೆ. ಹೊಗೆ ಎಳೆಯುವ ಗೂಡಿನೊಳಗೇ ಈ ಕೆಲಸ ಮಾಡಿ. ಕೈಗವಸು ತೆಗೆಯಬೇಡಿ, ಎಪಾಕ್ಸಿಯ ಅಲರ್ಜಿ ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ಈ ಸೌಕರ್ಯ ಇಲ್ಲದವರು ಮೊದಲೇ ಬೆಸೆದು ಮಾರುವ ಮಿಶ್ರಣವನ್ನೇ ಕೊಳ್ಳಲಿ.

ತಣಿಸಿ, ನಿರ್ವಾತದಲ್ಲಿ ಗುಳ್ಳೆ ತೆಗೆದು, ರಾಳವನ್ನು ಗಟ್ಟಿಮಾಡುವ ಹಾರ್ಡನರ್ ಬೆರೆಸಿ. ಅದರ ಪ್ರಮಾಣ ಬದಲಿಸಬೇಕಿಲ್ಲ: ಹಾರ್ಡನರ್ ಬೆಸೆಯಬೇಕಾದ ಎಪಾಕ್ಸಿ ಗುಂಪುಗಳಲ್ಲಿ ಇಷ್ಟು ರಬ್ಬರ್ ಬಳಸಿಕೊಳ್ಳುವುದು ಸುಮಾರು ನೂರಕ್ಕೆ ಒಂದನ್ನು ಮಾತ್ರ.

ಇನ್ನು ಕಾಯಿಸುವುದು. ಆತುರ ಬೇಡ. ಪ್ರಯೋಗಾಲಯಗಳ ಹಳೆಯ ಪಾಠ: 100 ಗ್ರಾಂ ರಾಳಕ್ಕೆ ಹಾರ್ಡನರ್ ಆಗಿ 5 ಗ್ರಾಂ ಪೈಪರಿಡಿನ್, 120 ಡಿಗ್ರಿ, 16 ಗಂಟೆ. ಸರಪಳಿಗಳು ಬೆಳೆದಂತೆ ರಬ್ಬರಿಗೆ ಅಲ್ಲಿ ಕರಗಿರಲು ಆಗುವುದಿಲ್ಲ; ತಿಳಿಯಾಗಿದ್ದ ದ್ರವ ಹಾಲಿನಂತೆ ಬೆಳ್ಳಗಾಗುತ್ತದೆ. ಹನಿ ಹುಟ್ಟಿತೆಂದು ತಿಳಿಯುವುದು ಹೀಗೆ. ರಾಳ ಹೆಪ್ಪುಗಟ್ಟಿದ ಕ್ಷಣ ಹನಿಯ ಗಾತ್ರ ಅಲ್ಲಿಗೇ ನಿಲ್ಲುತ್ತದೆ. ಕೋಣೆಯ ಉಷ್ಣತೆಯಲ್ಲಿ ಬೇಗ ಬಿಗಿಯುವ ಹಾರ್ಡನರ್ ಆದರೆ ಹನಿಗೆ ಬೇರ್ಪಡಲು ಸಮಯವೇ ಸಿಗದು. ಅಂಥ ಕೆಲಸಕ್ಕೆ ಹೊರಗೆ ಗಟ್ಟಿ ಚಿಪ್ಪು, ಒಳಗೆ ರಬ್ಬರ್ ತಿರುಳಿರುವ ಸಿದ್ಧ ಕಣಗಳೇ ಸರಿ.

ರಬ್ಬರ್ ಇಲ್ಲದ ತುಂಡೊಂದನ್ನೂ ಜೊತೆಗೇ ಎರೆದಿಡಿ. ಎರಡಕ್ಕೂ ಕಚ್ಚು ಮಾಡಿ, ಬ್ಲೇಡ್ ಇಟ್ಟು ಮೆಲ್ಲಗೆ ತಟ್ಟಿ ಸಹಜ ಬಿರುಕು ಹುಟ್ಟಿಸಿ, ಬಾಗಿಸಿ ಮುರಿಯಿರಿ. ರಬ್ಬರ್ ಇರುವ ತುಂಡಿನಲ್ಲಿ ಬಿರುಕಿನ ತುದಿ ಬಿಳಿಚಿಕೊಂಡಿದ್ದರೆ ಪೊಳ್ಳು ಬಿಟ್ಟಿದೆ ಎಂದೇ ಅರ್ಥ. ಬಿಳುಪು ಕಾಣದೆ ತುಂಡು ಬರೀ ಮೆದುವಾಗಿದ್ದರೆ ರಬ್ಬರ್ ಕರಗಿಯೇ ಉಳಿದಿರಬಹುದು.

ಅಡ್ಡಬಂಧ ತೀರಾ ದಟ್ಟವಾದ, ಬಹಳ ಶಾಖ ತಾಳುವ ರಾಳಗಳಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಹಿಗ್ಗಲಾರದ ರಾಳಕ್ಕೆ ಪೊಳ್ಳಿನಿಂದ ಏನು ಲಾಭ? ಅಲ್ಲಿ ಪಾಲಿಈಥರ್‌ಸಲ್ಫೋನ್‌ನಂಥ ಗಡಸು ಥರ್ಮೋಪ್ಲಾಸ್ಟಿಕ್ (ಅಡ್ಡಬಂಧವಿಲ್ಲದ, ಕಾಯಿಸಿದರೆ ಮೆದುವಾಗುವ ಪ್ಲಾಸ್ಟಿಕ್) ಕರಗಿಸಿ ಬೆರೆಸುತ್ತಾರೆ. ಬಿಗಿ ಕುಗ್ಗುವುದಿಲ್ಲ, ಶಾಖ ತಾಳುವ ಗುಣವೂ ಹೆಚ್ಚುಕಮ್ಮಿ ಉಳಿಯುತ್ತದೆ. ಆದರೆ ಮಿಶ್ರಣ ಜೇನಿಗಿಂತಲೂ ಮಂದವಾಗಿ, ಅಚ್ಚಿಗೆ ಸುರಿಯುವುದು ಕಷ್ಟವಾಗುತ್ತದೆ.