ಒದ್ದೆ ಮರಳಿನ ಬಣ್ಣ

ನಿಸರ್ಗಚಿತ್ರ ಬಿಡಿಸಲು ಶುರುಮಾಡಿದ ಹೊಸತರಲ್ಲಿ ಸಮುದ್ರವೆಂದರೆ ನೀಲಿ, ಮರಳೆಂದರೆ ಹಳದಿ, ಹೊಲವೆಂದರೆ ಹಸಿರು ಎಂದು ಮನಸ್ಸಿನಲ್ಲೇ ಬಣ್ಣ ಕಲಸಿಕೊಂಡು ಹೊರಡುತ್ತಿದ್ದೆ. ಮನೆಗೆ ತಂದು ನೋಡಿದರೆ ಹಾಳೆಯ ತುಂಬ ಬಣ್ಣಗಳ ಗದ್ದಲ. ಅಷ್ಟು ಸುಮ್ಮನಿದ್ದ ಕಡಲತೀರ ಇದೇನಾ ಅನಿಸುತ್ತಿತ್ತು.

ಒಂದು ಬೆಳಗ್ಗೆ, ಇಳಿತದ ಹೊತ್ತಿನಲ್ಲಿ, ಬ್ರಷ್ ಮುಟ್ಟದೆ ಅಲೆ ಹಿಂದೆ ಸರಿದ ಜಾಗವನ್ನಷ್ಟೇ ನೋಡುತ್ತ ಕೂತೆ. ಮರಳಿನ ಮೇಲೆ ನೀರಿನ ತೆಳು ಪದರ ಇರುವಷ್ಟು ಹೊತ್ತು ಅಲ್ಲಿ ಕಾಣುವುದು ಮರಳಲ್ಲ, ಆಕಾಶ. ನೀರು ಇಂಗುತ್ತಿದ್ದಂತೆ ಹೊಳಪು ಅಂಚಿನಿಂದ ಮಾಸುತ್ತ ಬಂದು ಅಡಿಯ ಕಂದು ಮೇಲೇಳುತ್ತದೆ. ಕೆಲವೇ ಕ್ಷಣ, ಅಷ್ಟರಲ್ಲಿ ಮುಂದಿನ ಅಲೆ. ಅವತ್ತು ಹಳದಿಯನ್ನು ಪ್ಯಾಲೆಟ್‌ನಿಂದ ತೆಗೆದೇಬಿಟ್ಟೆ.

ಮೋಡ ಕವಿದ ಬೆಳಗಿಗೆ ಈಗ ನನಗೆ ಎರಡೇ ಬಣ್ಣ ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು. ಎರಡೂ ಸೇರಿದರೆ ಬೂದು. ನೀಲಿ ಹೆಚ್ಚಾದರೆ ಆಕಾಶದ ಕಡೆ ವಾಲುತ್ತದೆ, ಕಂದು ಹೆಚ್ಚಾದರೆ ಮರಳಿನ ಕಡೆ. ಆಕಾಶಕ್ಕೆ ಕಲಸಿದ ತೆಳು ನೀರುಬಣ್ಣದ ವಾಶ್‌ಗೇ ಚೂರು ಕಂದು ಬೆರೆಸಿ, ಒಂದು ಛಾಯೆ ಗಾಢವಾಗಿ ಒದ್ದೆ ಮರಳಿಗೆ ಎಳೆಯುತ್ತೇನೆ. ಜಲವರ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ ಹಚ್ಚುವಾಗ ಸ್ವಲ್ಪ ಜಾಸ್ತಿಯಾಯಿತು ಅನಿಸಬೇಕು. ನೀರು ನಿಂತ ಗದ್ದೆಯಲ್ಲೂ ಇಂಥದೇ ಲೆಕ್ಕ: ಬಿಳಿ ಮೋಡದ ಪ್ರತಿಬಿಂಬ ಮೋಡಕ್ಕಿಂತ ತುಸು ಮಬ್ಬು, ಕಪ್ಪು ಮರದ ಪ್ರತಿಬಿಂಬ ಮರಕ್ಕಿಂತ ತುಸು ತಿಳಿ.

ಕಡಲಂಚಿನ ತೇವದ ಗಾಳಿಯಲ್ಲಿ ಹಾಳೆ ಬೇಗ ಒಣಗುವುದಿಲ್ಲ. ಆತುರಪಟ್ಟು ಅರೆಒಣಗಿದ ಆಕಾಶದ ಮೇಲೆ ಮತ್ತೆ ನೀರುಬಣ್ಣ ಹಾಕಿ, ಹೂಕೋಸಿನಂಥ ಕಲೆ ಎದ್ದು ಎಷ್ಟು ಚಿತ್ರ ಕೆಟ್ಟವೋ. ಈಗ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ದಪ್ಪ ಹತ್ತಿ ಕಾಗದದ ಎರಡು ಹಾಳೆ ಒಯ್ಯುತ್ತೇನೆ. ಒಂದು ಒಣಗುವಾಗ ಇನ್ನೊಂದರಲ್ಲಿ ಕೆಲಸ.

ಇಂಗ್ಲೆಂಡಿನ ನಿಸರ್ಗಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821–22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಬಿಡಿಸಿದ ಮೋಡಗಳ ಅಭ್ಯಾಸಚಿತ್ರಗಳ ಹಿಂಬದಿಯಲ್ಲಿ ದಿನ, ಹೊತ್ತು, ಗಾಳಿ ಹೇಗಿತ್ತು ಎಂದು ಬರೆದಿಡುತ್ತಿದ್ದರು. ಅದನ್ನು ಓದಿದ ಮೇಲೆ ನಾನೂ ಬರೆಯುತ್ತೇನೆ, ತಪ್ಪದೆ. ಮೊನ್ನೆ ಮನೆಯಲ್ಲಿ ದೊಡ್ಡ ಚಿತ್ರಕ್ಕೆ ಕೂತಾಗ ತೀರದಲ್ಲಿ ತೆಗೆದ ಫೋಟೋದಲ್ಲಿ ಮರಳು ಬರೀ ಕಂದಾಗಿ ಕಂಡಿತು. ಅಲ್ಲೇ ಬಿಡಿಸಿದ್ದ ಹಾಳೆಯ ಹಿಂದೆ ನನ್ನದೇ ಅಕ್ಷರ: ‘ಬೆಳಗ್ಗೆ 6.40. ಗಾಳಿ ಇಲ್ಲ. ಮರಳಲ್ಲಿ ಆಕಾಶ. ಬಲಗಡೆ ಆಗಲೇ ಇಂಗಿದೆ.’ ಫೋಟೋ ಮಗುಚಿಟ್ಟು ಬಲಗಡೆಯಿಂದ ಶುರುಮಾಡಿದೆ.